ಮೂರನೆಯ ಗೆರೆ

"ಇದು ಮೌನ ಸಾರ್," ಎಂದಳು ಪ್ರದರ್ಶನ ತೋರಿಸುತ್ತಿದ್ದ ಕೃಪಾ.

ಗೋಡೆಯ ತುಂಬ ಎರಡು ಬಿಳಿ ಅಡ್ಡಗೆರೆ, ಒಂದರ ಕೆಳಗೊಂದು. ಎದುರಿಗೆ ಕೊರಳಲ್ಲಿ ಐಡಿ ಕಾರ್ಡು ನೇತುಬಿಟ್ಟುಕೊಂಡ ಐದಾರು ಮಂದಿ ಕಾಫಿ ಕಪ್ಪು ಹಿಡಿದು ನಿಂತಿದ್ದರು. ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರ ನೆಲಮಹಡಿಯ ಹಾಲು. ಬೆಳಗಿನ ಹನ್ನೊಂದು ಗಂಟೆ.

"ಮೇಲಿನ ಗೆರೆ ಒಂದು ಪೆಟ್ಟು, ಕೆಳಗಿಂದು ಇನ್ನೊಂದು ಪೆಟ್ಟು. ಮಧ್ಯೆ ಏನಿದೆ ನೋಡಿ? ಏನೂ ಇಲ್ಲ. ಆ ಏನೂ ಇಲ್ಲದೇ ಇರೋದೇ 'ಖಾಲಿ ಶೆಡ್' ಬ್ಯಾಂಡಿನ ಮ್ಯೂಸಿಕ್. ಪೋಸ್ಟ್ ಪಂಕ್, ಅದ್ರಲ್ಲೂ ಮಿನಿಮಲಿಸ್ಟ್. ಒಂದು ಡ್ರಮ್ಮು, ಗಿಟಾರಲ್ಲಿ ಒಂದೇ ತಂತಿ, ಹಾಡಿಗೆ ಎರಡೇ ಸಾಲು. ಎರಡು ನಿಮಿಷ ಆಯ್ತು ಅಂದ್ರೆ ಹಾಡು ಕ್ಲೋಸ್."

ಕಾಫಿ ಕಪ್ಪುಗಳು ತಲೆದೂಗಿದವು.

ಹಿಂದೆ ನಿಂತಿದ್ದ ಸವಿತಾಳಿಗೆ ನಗು ಬಂತು, ನುಂಗಿಕೊಂಡಳು. ಆ ಗೆರೆಗಳು ಮೌನವೂ ಅಲ್ಲ, ಮಣ್ಣೂ ಅಲ್ಲ. ಅವು ಅವಳ ಅಣ್ಣ ಸಿದ್ರಾಮನ ವಿಭೂತಿ. ಪೀಣ್ಯದ ಪವರ್ ಪ್ರೆಸ್ಸು ಅವನ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಬುಡಸಮೇತ ತಿಂದಿತ್ತು. ಎಲ್ಲರೂ ಮೂರು ಬೆರಳಲ್ಲಿ ಎಳೆಯುವ ಗೆರೆಯನ್ನು ಅವನು ಉಳಿದ ಎರಡು ಬೆರಳಲ್ಲಿ ಎಳೆಯುತ್ತಿದ್ದ. ಹಣೆಗೂ ಎರಡು, ಮಷಿನ್ನಿಗೂ ಎರಡು, ಡ್ರಮ್ಮಿಗೂ ಎರಡು. "ಶಿವಗ ಒಂದು ಗೆರಿ ಸಾಲ ಐತಿ, ನಿಧಾನಕ್ಕ ತೀರಸ್ತೀನಿ," ಎನ್ನುತ್ತಿದ್ದ.

ಬ್ಯಾಂಡು ಹುಟ್ಟಿದ್ದೂ ಆ ಕೈಯಿಂದಲೇ. ವಾಷರ್ ತಯಾರಿಸುವ ನರಸಪ್ಪನ ಶೆಡ್ಡಿನಲ್ಲಿ ರಜೆಯ ದಿನ ಮೂವರು ಸೇರುತ್ತಿದ್ದರು. ಸಿದ್ರಾಮನ ಬಲಗೈಗೆ ಕೋಲು ನಿಲ್ಲುತ್ತಿರಲಿಲ್ಲ. ಎಡಗೈಯಲ್ಲಿ ಒಂದು ಕೋಲು ಹಿಡಿದು, ಬಲಗೈಯಲ್ಲಿ ಬರೀ ಅಂಗೈ ಬಡಿಯುತ್ತಿದ್ದ. ಅವ್ವ ರೊಟ್ಟಿ ಬಡಿಯುವ ಲಯವನ್ನೇ ಎತ್ತಿಕೊಂಡಿದ್ದ. ಅವನ ಡ್ರಮ್ಮಿಗೆ ಓಟ ಇಲ್ಲವೆಂದು, ಟ್ರೇನಿಯಾಗಿದ್ದ ಗುರುರಾಜ್ ಗಿಟಾರಿನ ಐದು ತಂತಿ ಬಿಚ್ಚಿ ಒಂದನ್ನೇ ಉಳಿಸಿಕೊಂಡ. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಮಹಾದೇವಿ ನೋಟಿಸ್ ಬೋರ್ಡು ಓದಿದ ಹಾಗೆ ಎರಡು ಸಾಲು ಹಾಡುತ್ತಿದ್ದಳು: "ಗೇಟು ಮುಚ್ಚೈತಿ. ನಾಳೆ ಬಾ." ಅಷ್ಟೇ ಹಾಡು. ಬೆರಳಿಲ್ಲದವನ ಅನಿವಾರ್ಯವನ್ನು ವೈಟ್‌ಫೀಲ್ಡಿನವರು ಈಗ ಸಿದ್ಧಾಂತ ಮಾಡಿ ಗೋಡೆಗೆ ಬಳಿದಿದ್ದರು.

ಅದನ್ನಾದರೂ ಸವಿತಾ ಸಹಿಸಿಕೊಂಡಾಳು. ಸಹಿಸಲಾಗದ್ದು ಅದರ ಪಕ್ಕದ ಫಲಕ.

"ಅವನು ಕುಡಿದಿದ್ದ," ಎಂದು ಓದಿದಳು ಕೃಪಾ, ದನಿಯನ್ನು ತುಸು ಇಳಿಸಿ. "ಆಯುಧಪೂಜೆಯ ಸಂಜೆ, ಪೂಜೆ ಮಾಡಿದ ಮಷಿನ್ನನ್ನೇ ಓಡಿಸಿದ. ಮಷಿನ್ನು ಅವನನ್ನು ಕ್ಷಮಿಸಲಿಲ್ಲ."

"ವಾವ್," ಎಂದಿತು ಒಂದು ಕಾಫಿ ಕಪ್ಪು.

ಹಾವು ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದಂತೆ. ಸವಿತಾಳದು ಅದಕ್ಕಿಂತ ಎರಡು ವರ್ಷ ಹೆಚ್ಚು.

ಹದಿನಾಲ್ಕು ವರ್ಷದ ಹಿಂದೆ, ವಿಜಯದಶಮಿಯ ದಿನ, ಅಣ್ಣನ ಹೆಣ ಮುದ್ದೇಬಿಹಾಳದ ಕಡೆಯ ಅವರ ಹಳ್ಳಿಗೆ ಬಂತು. ಹಿಂದೆಯೇ ಸುದ್ದಿಯೂ ಬಂತು: ಹಬ್ಬದ ದಿನ ಕುಡಿದು ಮಷಿನ್ನು ಓಡಿಸಿ ಸತ್ತನಂತೆ, ದೇವರೇ ಹೊಡೆದನಂತೆ. ಆವತ್ತಿನಿಂದ ಅವ್ವ ದೇವಕ್ಕನ ಕೈಗೆ ಊರಲ್ಲಿ ಯಾರೂ ಬನ್ನಿ ಕೊಟ್ಟಿಲ್ಲ. ದಸರೆಯ ದಿನ ಬನ್ನಿ ಎಲೆ ಕೈಗಿಟ್ಟು 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎನ್ನದ ಶತ್ರು ಕೂಡ ಆ ಕಡೆ ಇರುವುದಿಲ್ಲ. ಆದರೂ ಪ್ರತಿ ವರ್ಷ ಆ ದಿನ ಹೊಸ ಸೀರೆ ಉಟ್ಟು ಅವ್ವ ಹೊಸ್ತಿಲ ಮೇಲೆ ಕೂರುತ್ತಾಳೆ. ಕತ್ತಲಾದ ಮೇಲೆ ಎದ್ದು ಒಳಗೆ ಹೋಗುತ್ತಾಳೆ.

ಸವಿತಾಳಿಗೆ ಬೇಕಾಗಿದ್ದು ಒಂದೇ. ಆ ಹೆಸರು ತೊಳೆಯಬೇಕು, ಕೊಳೆ ಮಾಡಿದವನ ಮುಖಕ್ಕೇ ಆ ಕೊಳೆ ಬಳಿಯಬೇಕು.

ನಾಳೆ ಸಂಜೆ ಇದೇ ಹಾಲಿನಲ್ಲಿ ಬ್ಯಾಂಡಿನ ಚರಿತ್ರೆಯ ಸಿನಿಮಾ. ಮಾಡಿಸಿದವನು ಗುರುರಾಜ್, ಈಗ ದೊಡ್ಡ ಸೌಂಡ್ ಕಂಪನಿಯ ಧಣಿ. ಸಿನಿಮಾ ಕೊಳ್ಳುವವರು ಪ್ರತಿಯೊಂದು ಸಂಗತಿಯೂ ಪರಿಶೀಲನೆಯಾಗಬೇಕು ಎಂದಿದ್ದರು. ಆ ಕೆಲಸ ಸಿಕ್ಕಿದ್ದು ಬಾಗಲಗುಂಟೆಯ ಒಂದು ಪುಟ್ಟ ವೆರಿಫಿಕೇಶನ್ ಏಜೆನ್ಸಿಗೆ. ಐಟಿ ಕಂಪನಿಗಳಿಗೆ ಸೇರುವವರ ಸರ್ಟಿಫಿಕೇಟು ಅಸಲಿಯೋ ನಕಲಿಯೋ ಎಂದು ನೋಡುವ ಏಜೆನ್ಸಿ. ಅದರ ಮಾಲೀಕಳೂ ಪತ್ತೇದಾರಳೂ ಸವಿತಾ ಒಬ್ಬಳೇ. ತಾನು ಯಾರ ತಂಗಿ ಎಂದು ಅವಳು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

"ಬನ್ನಿ, ಈಗ ಮೇನ್ ಐಟಂ," ಎಂದಳು ಕೃಪಾ. "ಇವತ್ತು ಬೆಳಗ್ಗೆ ತಾನೇ ಇಟ್ಟಿದ್ದು. ನಾನೂ ಇದೇ ಮೊದಲು ನೋಡಿದ್ದು."

ಹಾಲಿನ ನಡುವೆ ಗಾಜಿನ ಪೆಟ್ಟಿಗೆ, ಮೇಲೆ ಬೆಳಕು. ಒಳಗೆ ಕಪ್ಪು ಬಟ್ಟೆಯ ಮೇಲೆ ಒಂದೇ ಒಂದು ಕೋಲು.

ಸುತ್ತಿಗೆಯ ಹಿಡಿಯನ್ನು ಲೇತಿಗೆ ಹಾಕಿ ಅಣ್ಣ ತಾನೇ ತೀಡಿಕೊಂಡಿದ್ದ ಕೋಲು. ಬುಡ ಸೀಳದಿರಲೆಂದು ಒಂದು ದಪ್ಪ ತಾಮ್ರದ ಉಂಗುರ ತೊಡಿಸಿದ್ದ. ಸವಿತಾಳ ಕಣ್ಣು ಮೊದಲು ಉಂಗುರದ ಮೇಲೆ ನಿಂತಿತು. ಮರಣೋತ್ತರ ವರದಿ ಅವಳಿಗೆ ಬಾಯಿಪಾಠವಾಗಿತ್ತು: ಎಡಗಿವಿಯ ಮೇಲ್ಭಾಗದಲ್ಲಿ ಒಂದಂಗುಲ ಅಗಲದ ಉಂಗುರಾಕಾರದ ಒತ್ತುಗಾಯ, ತಲೆಬುರುಡೆಗೆ ಬಿರುಕು. ಪ್ರೆಸ್ಸಿನಿಂದ ವಾಷರ್ ಸಿಡಿದು ಬಡಿದಿದೆ ಎಂದು ಬರೆದು ಪೊಲೀಸರು ಕೈತೊಳೆದುಕೊಂಡಿದ್ದರು. ವಾಷರ್ ಮಾಡುವ ಶೆಡ್ಡು, ಉಂಗುರದಂಥ ಗಾಯ. ಯಾರಿಗೆ ಅನುಮಾನ ಬಂದೀತು?

ಈಗ ಅದೇ ಅಳತೆಯ ಉಂಗುರ ಅವಳ ಕಣ್ಣೆದುರು ಮಿರಮಿರ ಮಿಂಚುತ್ತಿತ್ತು. ಅಣ್ಣನನ್ನು ಕೊಂದ ಆಯುಧವನ್ನು ಗಾಜಿನಲ್ಲಿಟ್ಟು, ಬೆಳಕು ಬಿಟ್ಟು, ಜನಕ್ಕೆ ತೋರಿಸುತ್ತಿದ್ದರು.

ಅವಳು ಗಾಜಿನ ಮೇಲೆ ಕೈಯೂರಿದಳು. ಆಮೇಲೆ ಕೋಲಿನ ಮೈಮೇಲಿದ್ದ ವಿಭೂತಿ ಕಂಡಿತು.

ಎಣಿಸಿದಳು. ಮತ್ತೆ ಎಣಿಸಿದಳು.

ಮೂರು ಗೆರೆ.

ಬ್ಯಾಗಿನಲ್ಲಿ ಕಳೆದ ವಾರ ನರಸಪ್ಪ ಕೊಟ್ಟಿದ್ದ ಫೋಟೊ ಇತ್ತು. ಪೂಜೆಯ ದಿನ ಮಧ್ಯಾಹ್ನ ಅವನ ಹೆಂಡತಿ ಕೃಷ್ಣಮ್ಮ ತೆಗೆದದ್ದು. ಮೂಲೆಯಲ್ಲಿ ಕ್ಯಾಮೆರಾ ಮೂಡಿಸಿದ ಕೆಂಪು ತಾರೀಖೂ ಇದೆ. ಅದರಲ್ಲಿ ಅಣ್ಣ ಪ್ರೆಸ್ಸಿನ ಪಕ್ಕ ನಿಂತು ನಗುತ್ತಿದ್ದಾನೆ. ಎಡಗೈಯಲ್ಲಿ ಈ ಕೋಲು. ಅದರ ಮೇಲೆ ಎರಡೇ ಗೆರೆ.

ಮಧ್ಯಾಹ್ನ ಎರಡಿದ್ದದ್ದು ಮೂರಾಗಿದೆ. ಅಂದರೆ ಯಾರೋ ಕೋಲನ್ನು ತೊಳೆದಿದ್ದಾರೆ. ತೊಳೆದು ಮತ್ತೆ ವಿಭೂತಿ ಹಚ್ಚಿದ್ದಾರೆ. ಸುಮ್ಮಸುಮ್ಮನೆ ಯಾರೂ ಪೂಜೆ ಮಾಡಿದ ಸಾಮಾನು ತೊಳೆಯುವುದಿಲ್ಲ.

"ಸಿಕ್ಕೆ ಮಗನೇ," ಎಂದುಕೊಂಡಳು ಸವಿತಾ, ಗುರುರಾಜನನ್ನು ನೆನೆದು. ಬ್ಯಾಗಿಗೆ ಕೈಹಾಕಿ ಫೋನಿನ ರೆಕಾರ್ಡಿಂಗ್ ಒತ್ತಿದಳು.

ಬೆಳಿಗ್ಗೆ ಮನೆ ಬಿಡುವಾಗಲೇ ಶುಭಶಕುನವಾಗಿತ್ತು. ಅವಳ ಆಫೀಸು ಕಂ ಮನೆ ಇರುವುದು ಬಾಗಲಗುಂಟೆಯ ಒಂದು ರೊಟ್ಟಿ ಖಾನಾವಳಿಯ ಮೇಲೆ. ಖಾನಾವಳಿ ಮಹಾದೇವಿಯದು. ಹೌದು, ಅದೇ ಮಹಾದೇವಿ, ಬ್ಯಾಂಡಿನ ಹಾಡುಗಾತಿ. ಸಿದ್ರಾಮ ಬದುಕಿದ್ದರೆ ಆ ದಸರೆಯ ಮುಂದಿನ ಬೇಸಗೆಗೆ ಅವರಿಬ್ಬರ ಮದುವೆ. ಆಗದಿದ್ದರೇನಂತೆ, ಅತ್ತಿಗೆ ಅತ್ತಿಗೆಯೇ, ಸವಿತಾ ಅವಳನ್ನು ವೈನಿ ಎಂದೇ ಕರೆಯುವುದು. ಇಪ್ಪತ್ತನೇ ವಯಸ್ಸಿಗೆ ಒಂದು ಚೀಲ ಹಿಡಿದು ಬೆಂಗಳೂರಿಗೆ ಬಂದವಳಿಗೆ ಅನ್ನ ಹಾಕಿ, ಓದಿಸಿ, ಈ ಏಜೆನ್ಸಿ ಹಾಕಿಕೊಟ್ಟವಳು ವೈನಿ. ಅಣ್ಣ ಸತ್ತ ದಿನದ ಕತೆಯನ್ನು ಕೇಳಿದಾಗಲೆಲ್ಲ ಅವಳು ಹೇಳುವುದು ಒಂದೇ ಮಾತು: "ಪ್ರಸಾದ ತಗೊಂಡು ಹನ್ನೆರಡೂವರಿಗೆ ಶೆಡ್ ಬಿಟ್ಟೆ ತಂಗಿ. ಆಮ್ಯಾಗ ನಾ ಅಂವನ ಮಾರಿ ನೋಡ್ಲಿಲ್ಲ."

ಇವತ್ತು ಮೆಟ್ಟಿಲಿಳಿದವಳನ್ನು ವೈನಿ ಒಲೆಯ ಹತ್ತಿರ ಕರೆದು ಹಣೆಗೆ ವಿಭೂತಿ ಎಳೆದಿದ್ದಳು. ಗಾರ್ಮೆಂಟ್ಸಿಗೆ ಸೇರಿದ ಹೊಸದರಲ್ಲೇ ಸೂಜಿ ಹೊಕ್ಕು ಅವಳ ನಡುಬೆರಳು ಸೊಟ್ಟಗಾಗಿದೆ. ಹಾಗಾಗಿ ಅವಳು ಎಳೆದ ನಡುಗೆರೆ ಎಲ್ಲೇ ಆಗಲಿ ಅರ್ಧಕ್ಕೆ ತುಂಡಾಗಿ ಮತ್ತೆ ಶುರುವಾಗುತ್ತದೆ. ಖಾನಾವಳಿಯ ಒಲೆ, ಒರಳು, ತೂಕದ ಕಾಟಾ, ಎಲ್ಲದರ ಮೇಲೂ ಅದೇ ಹರುಕು ಗೆರೆ. ಗಿರಾಕಿಗಳು ಕೂಡ ತಮಾಷೆ ಮಾಡುತ್ತಾರೆ. "ಗೆದ್ದು ಬಾ ಯವ್ವಾ," ಎಂದಿದ್ದಳು ವೈನಿ. ಮೆಟ್ರೊದ ಎರಡೂ ರೈಲಿನ ನೂಕುನುಗ್ಗಲಿನಲ್ಲಿ ಸವಿತಾ ಆ ಹಣೆಗೆ ಕೈ ತಾಗದ ಹಾಗೆ ನಿಂತು ಬಂದಿದ್ದಳು.

"ಮೇಡಂ! ವೆರಿಫಿಕೇಶನ್ ಲೆಟರ್ ರೆಡಿನಾ?"

ಗುರುರಾಜ್ ಬಂದಿದ್ದ. ನಲವತ್ತರ ಆಸುಪಾಸು, ಕರಿ ಟೀಶರ್ಟು, ಹಿಂದಕ್ಕೆ ಕಟ್ಟಿದ ಕೂದಲು, ಎದೆಯ ಮೇಲೆ ಅಣ್ಣನ ಎರಡು ಗೆರೆ. ಕೃಪಾ ತನ್ನ ಹಿಂಡನ್ನು ಟ್ರೇಲರ್ ತೋರಿಸಲು ಒಳಗಿನ ಕೋಣೆಗೆ ಹೊಡೆದುಕೊಂಡು ಹೋದಳು. ಹಾಲಿನಲ್ಲಿ ಇವರಿಬ್ಬರೇ ಉಳಿದರು.

"ಆಲ್ಮೋಸ್ಟ್ ಸಾರ್. ಒಂದೆರಡು ಪ್ರಶ್ನೆ ಬಾಕಿ ಇದೆ."

"ಕೇಳಿ, ಕೇಳಿ."

"ಈ ಕೋಲು ನಿಮ್ಗೆ ಯಾವಾಗ ಸಿಕ್ತು?"

"ಪೂಜೆ ಹಿಂದಿನ ದಿನ. ಕೊನೇ ಪ್ರಾಕ್ಟೀಸ್ ಮುಗಿಸಿ ಸಿದ್ದುನೇ ಕೊಟ್ಟ. 'ಇಟ್ಕೋ ಗುರು' ಅಂದ. ಅವನಿಗೆ ಏನೋ ಹೊಳೆದಿತ್ತು ಅನ್ಸುತ್ತೆ." ಕಣ್ಣು ಒದ್ದೆ ಮಾಡಿಕೊಳ್ಳುವುದನ್ನು ಅವನು ಚೆನ್ನಾಗಿ ಅಭ್ಯಾಸ ಮಾಡಿದ್ದ.

"ಪೂಜೆ ದಿನ ನೀವು ಎಲ್ಲಿದ್ರಿ?"

"ತುಮಕೂರಲ್ಲಿ, ನಮ್ಮನೇಲಿ. ಬೆಳಗ್ಗೆ ಆರಕ್ಕೇ ಹೊರಟ್ಬಿಟ್ಟಿದ್ದೆ. ಎಲ್ಲಾ ಸ್ಕ್ರಿಪ್ಟಲ್ಲೇ ಇದೆಯಲ್ಲ ಮೇಡಂ."

"ವಿಭೂತಿ ಇಷ್ಟು ವರ್ಷ ಅಳಿಸದೇ ಹೆಂಗೆ ಉಳೀತು?"

"ವಾರ್ನಿಷ್!" ಅವನು ಹೆಮ್ಮೆಯಿಂದ ನಕ್ಕ. "ಆವಾಗ್ಲೇ ಒಂದು ಕೋಟ್ ಹೊಡೆಸಿಬಿಟ್ಟೆ. ಒರಿಜಿನಲ್ ಹಂಗೇ ಇರ್ಲಿ ಅಂತ."

ಕಳ್ಳ ತಾನೇ ಬೀಗ ಹಾಕಿ ಕೀಲಿಕೈ ಕೊಟ್ಟಂತಾಯಿತು. ಸವಿತಾ ಫೋಟೊ ತೆಗೆದು ಗಾಜಿನ ಮೇಲೆ, ಕೋಲಿನ ನೇರಕ್ಕೆ ಇಟ್ಟಳು.

"ಇದು ಪೂಜೆ ದಿನ ಮಧ್ಯಾಹ್ನ ತೆಗೆದ ಫೋಟೊ. ತಾರೀಖು ನೋಡಿ. ಹಿಂದಿನ ದಿನವೇ ನಿಮ್ಮ ಕೈಗೆ ಬಂದ ಕೋಲು ಮಾರನೇ ದಿನ ಅವನ ಕೈಗೆ ಹೆಂಗೆ ಬಂತು ಸಾರ್?"

ಗುರುರಾಜ್ ಬಗ್ಗಿ ನೋಡಿದ.

"ಅದು... ಅದು ಬೇರೆ ಕೋಲು. ಎರಡಿತ್ತು ಅವನ ಹತ್ರ."

ಸವಿತಾ ಗೋಡೆಯ ಕಡೆ ಬೆರಳು ಮಾಡಿದಳು. ಅಲ್ಲಿ ಅವನೇ ಬರೆಸಿದ್ದ ದಪ್ಪಕ್ಷರ: "ಅವನ ಬಳಿ ಇದ್ದದ್ದು ಜೀವಮಾನಕ್ಕೆ ಒಂದೇ ಕೋಲು."

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದು. ಅವನು ನಗಲು ನೋಡಿದ, ನಗೆ ಬರಲಿಲ್ಲ.

"ಇನ್ನೊಂದು. ಆವತ್ತು ಸಂಜೆ ಐದಕ್ಕೆ ಶೆಡ್ಡಿನ ಗೇಟ್ ಮುಂದೆ ನಿಮ್ಮ ಬೈಕ್ ನಿಂತಿದ್ದನ್ನ ನರಸಪ್ಪ ನೋಡಿದಾರೆ. ಕೆಂಪು ಬೈಕು, ಟ್ಯಾಂಕಿನ ಮೇಲೆ ಗಿಟಾರ್ ಸ್ಟಿಕ್ಕರ್ರು. ಇಷ್ಟು ದಿನ ಅವ್ರು ಬಾಯಿ ಬಿಟ್ಟಿರಲಿಲ್ಲ."

"ನರಸಪ್ಪಂಗೆ ಈಗ ಎಪ್ಪತ್ತೆರಡು ವರ್ಷ ಮೇಡಂ. ಅವ್ರಿಗೆ ನಿನ್ನೆ ಮೊನ್ನೆದೇ ನೆನಪಿರಲ್ಲ."

"ಸುಳ್ಳು ಸಾಕ್ ಮಾಡ್ರಿ!"

ಹಾಲು ಗುಂಯ್ ಎಂದಿತು. ಹದಿನಾಲ್ಕು ವರ್ಷ ಹಲ್ಲುಕಚ್ಚಿ ಕಲಿತ ಬೆಂಗಳೂರು ಮಾತು ಸವಿತಾಳ ಬಾಯಿಂದ ಕಳಚಿ ಬಿತ್ತು. "ಪೂಜಿ ಮುಗದ ಮ್ಯಾಲ ನಮ್ಮಣ್ಣ ಫ್ಯೂಜ್ ಕಿತ್ತು ದೇವರ ಫೋಟೊದ ಮುಂದ ಇಡ್ತಿದ್ದ. ನೋಡ್ರಿ ನನ್ನ ಈ ಫೋಟೊದಾಗ, ಹೂವಿನ ಬಾಜೂಕ ಐತಿ. ಮರುದಿನ ಮುಂಜಾನಿ ತನಕ ಅದನ್ನ ಅಂವಾ ಸತ್ತರೂ ಮುಟ್ಟತಿರಲಿಲ್ಲ. ಪೊಲೀಸರು ಬಂದಾಗ ಮಷಿನ್ ಓಡಾಕತ್ತಿತ್ತು. ಫ್ಯೂಜ್ ಹಾಕಿದವ ಯಾರು? ದೇವರು ಇಳದು ಬಂದು ಹಾಕಿದ್ನೇನು?"

ಗುರುರಾಜ್ ಒಂದು ಹೆಜ್ಜೆ ಹಿಂದೆ ಸರಿದ. ಅವಳ ಮುಖವನ್ನು ಮೊದಲ ಸಲ ಎಂಬಂತೆ ನೋಡಿದ.

"ಈ ಮಾತು... ನೀವು ಸಿದ್ದು ಕಡೆಯವರಾ?"

"ತಂಗಿ."

ಅವನು ಗಾಜಿನ ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಒಳಗಿನ ಕೋಣೆಯಿಂದ ಟ್ರೇಲರಿನ ಸದ್ದು ಬರುತ್ತಿತ್ತು. ಅಣ್ಣನ ಅಂಗೈ: ತಟ್, ತಟ್‌ತಟ್. ತಟ್, ತಟ್‌ತಟ್.

"ಹಿಂದಿನ ದಿನ ಕ್ಯಾಂಟೀನಲ್ಲಿ ಜಗಳ ಆಗಿತ್ತು," ಎಂದ ಕೊನೆಗೆ. "ಜಾಹೀರಾತಿನವ್ರಿಗೆ ಹಾಡು ಕೊಡೋಣ ಅಂದೆ. ಅವನು ಆಗಲ್ಲ ಅಂದ. ಹತ್ತು ಜನರ ಎದುರಿಗೆ 'ನಿನ್ನ ಮುಗಿಸ್ಬಿಡ್ತೀನಿ' ಅಂತ ಕೂಗಿದ್ದೆ. ಹುಡುಗಾಟದ ಕೋಪ. ಪೂಜೆ ದಿನ ರಾಜಿ ಆಗೋಣ ಅಂತ ತುಮಕೂರಿಂದ ವಾಪಸ್ ಬಂದೆ. ಕೈಯಲ್ಲಿ ಒಂದು ಕ್ವಾರ್ಟರ್ ಇತ್ತು, ನಂಗೋಸ್ಕರ ತಂದಿದ್ದು. ಶೆಡ್ಡಿನ ಬಾಗಿಲು ತೆಗೆದಿತ್ತು. ಒಳಗೆ ಹೋದ್ರೆ ಸಿದ್ದು ನೆಲದ ಮೇಲೆ ಬಿದ್ದಿದ್ದ."

"ಜೀವ ಇತ್ತಾ?"

"ಇಲ್ಲ. ಉಸಿರು, ನಾಡಿ ಎರಡೂ ನಿಂತಿತ್ತು. ಯಾರನ್ನ ಹಿಡೀತಾರೆ ಹೇಳಿ? ನನ್ನನ್ನೇ ತಾನೇ? ಹತ್ತು ಜನ ಸಾಕ್ಷಿ ಇದ್ರು. ನಂಗೆ ಇಪ್ಪತ್ತಾರು ವರ್ಷ. ಫ್ಯೂಸ್ ಎತ್ತಿ ಹಾಕಿದೆ. ಎರಡೂ ಕೈಲಿ ಒತ್ಬೇಕಾದ ಎರಡು ಬಟನ್‌ನಲ್ಲಿ ಒಂದಕ್ಕೆ ಸೈಕಲ್ ಟ್ಯೂಬ್ ಬಿಗಿದೆ, ಒಂದೇ ಕೈಲಿ ಓಡಿಸ್ತಿದ್ದ ಅನ್ನೋ ಹಂಗೆ. ಎರಡು ಹಿಡಿ ವಾಷರ್ ಚೆಲ್ಲಿದೆ. ಆಮೇಲೆ..."

"ಆಮೇಲೆ?"

"ಕ್ವಾರ್ಟರನ್ನ ಅವನ ಬಾಯಿಗೆ, ಅಂಗಿಗೆ ಸುರಿದೆ."

ಸವಿತಾಳ ಕೈ ತಾನಾಗಿ ಎದ್ದಿತು. ಏಟು ಅವನ ಕೆನ್ನೆಗೆ ಬಿದ್ದ ಸದ್ದು ಅವಳಿಗೇ ಎಷ್ಟೋ ಹೊತ್ತಿನ ಮೇಲೆ ಕೇಳಿಸಿತು. ಸಮಾಧಾನವಾಯಿತು. ಸಾಲಲಿಲ್ಲ, ಆದರೆ ಆಯಿತು.

"ನಮ್ಮಣ್ಣ ಜನ್ಮದಾಗ ಒಂದು ಹನಿ ಮುಟ್ಟಿದಾಂವಲ್ಲ. ನಿನ್ನ ಒಂದು ಬಾಟ್ಲಿ ಸಲುವಾಗಿ ನಮ್ಮವ್ವಗ ಹದಿನಾಕು ವರ್ಷದಿಂದ ಯಾರೂ ಬನ್ನಿ ಕೊಟ್ಟಿಲ್ಲ. ಹೊಸ ಸೀರಿ ಉಟಗೊಂಡು ಹೊಸ್ತಲದ ಮ್ಯಾಗ ಕುಂದರ್ತಾಳ. ನಾಳೆ ನೀ ಸ್ಟೇಜ್ ಹತ್ತತಿ. ಈಗ ಹೇಳಿದ್ದೆಲ್ಲಾ ಮೈಕ್ ಹಿಡದು ಹೇಳತಿ. ಹೇಳದಿದ್ರ ಇದು ಹೇಳತೈತಿ." ಬ್ಯಾಗಿನಿಂದ ಫೋನ್ ತೆಗೆದು ತೋರಿಸಿದಳು. ರೆಕಾರ್ಡಿಂಗಿನ ಅಂಕಿಗಳು ಓಡುತ್ತಿದ್ದವು.

ಅವನು ಕೆನ್ನೆ ಹಿಡಿದುಕೊಂಡು ತಲೆಯಾಡಿಸಿದ. "ಹೇಳ್ತೀನಿ. ಸುಳ್ಳು ಹಬ್ಬಿಸಿದ್ದು ನಾನೇ. ಅದರ ಮೇಲೆ ಬದುಕು ಕಟ್ಕೊಂಡಿದ್ದೂ ನಾನೇ. ಹೇಳ್ತೀನಿ."

"ಹೊಡದಿದ್ದೂ ನಾನ ಅಂತ ಹೇಳು."

"ಇಲ್ಲ."

"ಈ ಉಂಗುರ, ಆ ಗಾಯ ಎರಡೂ ಒಂದ ಅಳತಿ. ಕೋಲಿನ ಬುಡದಿಂದ ಹೊಡದಿ, ರಕ್ತ ತೊಳದಿ, ವಿಭೂತಿ ಹಚ್ಚಿ ಮನಿಗೆ ಒಯ್ದಿ. ನಮ್ಮಣ್ಣ ಹಚ್ಚಿದ್ದು ಎರಡ ಗೆರಿ. ಇಲ್ಲಿ ಮೂರು ಅದಾವು."

ಗುರುರಾಜ್ ಗಾಜಿನೊಳಗೆ ನೋಡಿದ. ಹದಿನಾಲ್ಕು ವರ್ಷ ತಾನೇ ಕಾಪಾಡಿಕೊಂಡು ಬಂದ ಕೋಲಿನ ಗೆರೆಗಳನ್ನು ಅವನು ಎಂದೂ ಎಣಿಸಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಎಣಿಸಿದ. ಬಾಯಿ ತೆರೆದುಕೊಂಡಿತು.

"ಕೋಲು ಆಗ್ಲೇ ತೊಳೆದಿತ್ತು," ಎಂದ ಮೆಲ್ಲಗೆ. "ನಾನು ಹೋದಾಗ ಅದು ದೇವರ ಫೋಟೊ ಮುಂದೆ ಇತ್ತು, ಫ್ಯೂಸಿನ ಪಕ್ಕ. ಮರ ಒದ್ದೆ ಇತ್ತು. ವಿಭೂತಿ ಇನ್ನೂ ಹಸಿ, ಅಂಚಲ್ಲಿ ನನ್ನ ಬೆರಳಿಗೆ ಅಂಟ್ಕೊಳ್ತು. ಯಾಕೆ ಅಂತ ನಾನು ಯೋಚ್ನೆ ಮಾಡ್ಲೇ ಇಲ್ಲ. ನೆನಪಿಗಿರ್ಲಿ ಅಂತ ಎತ್ಕೊಂಡು ಬಂದ್ಬಿಟ್ಟೆ."

"ನಂಬಬೇಕಾ?"

"ನೀವೇ ಯೋಚ್ನೆ ಮಾಡಿ. ನಾನೇ ತೊಳೆದಿದ್ರೆ ಒರೆಸಿ ಬ್ಯಾಗಿಗೆ ಹಾಕ್ಕೊಂಡು ಓಡ್ತಿದ್ದೆ. ಹೆಣ ಬಿದ್ದಿರುವಾಗ ಕೂತ್ಕೊಂಡು ವಿಭೂತಿ ಕಲಸ್ತೀನಾ? ನಮ್ಮನೇಲಿ ನಾಮ ಮೇಡಂ. ಹುಟ್ಟಿದಾಗಿನಿಂದ ವಿಭೂತಿ ಹಚ್ಚಿದವನಲ್ಲ ನಾನು. ಹೆಂಗೆ ಎಳೀಬೇಕು ಅಂತಾನೂ ಗೊತ್ತಿಲ್ಲ."

ಸವಿತಾ ಮತ್ತೆ ಕೋಲಿನ ಕಡೆ ನೋಡಿದಳು.

ಅವನು ಸುಳ್ಳುಗಾರ, ಹೇಡಿ, ಹೆಣದ ಬಾಯಿಗೆ ಹೆಂಡ ಸುರಿದವನು. ಅವನ ಮೇಲಿನ ಸಿಟ್ಟು ಒಂದು ಗುಂಜಿಯಷ್ಟೂ ಇಳಿಯಲಿಲ್ಲ. ಆದರೆ ಈ ಮಾತು ಸುಳ್ಳೆನ್ನಲು ಅವಳಿಂದ ಆಗಲಿಲ್ಲ. ಹತ್ತು ವರ್ಷದಿಂದ ನಕಲಿ ಕಾಗದಗಳ ನಡುವೆ ಬದುಕಿದವಳಿಗೆ ಅಸಲಿಯ ತೂಕ ಗೊತ್ತಿತ್ತು.

ಅವಳು ಯೋಚಿಸಿದಳು. ಕೊಂದವರು ರಕ್ತ ತೊಳೆದರು, ಅದು ಯಾರಾದರೂ ಮಾಡುವ ಕೆಲಸ. ತೊಳೆದ ಮೇಲೆ ಆ ಕೋಲು ಬೋಳಾಗಿ ಕಂಡಿತು. ಆಯುಧಪೂಜೆಯ ದಿನ, ಪೂಜೆಯಾದ ಸಾಮಾನು ಬೋಳಾಗಿ ಬಿದ್ದಿರುವುದನ್ನು ನೋಡಲಾಗದೆ ಮತ್ತೆ ವಿಭೂತಿ ಎಳೆದರು. ಮನಸ್ಸು ಎಲ್ಲೋ ಇತ್ತು, ಕೈ ತನ್ನ ರೂಢಿಯಂತೆ ಮೂರು ಬೆರಳು ಆಡಿಸಿತು. ಗುರುರಾಜನಂಥವನು ಮಾಡಲಾರದ ತಪ್ಪು ಅದು. ದಿನಾ ಬೆಳಿಗ್ಗೆ ಒಲೆಗೋ ಮಷಿನ್ನಿಗೋ ವಿಭೂತಿ ಹಚ್ಚಿ ಕೆಲಸ ಶುರುಮಾಡುವ ಕೈಗಷ್ಟೇ ಸಾಧ್ಯ.

ತಮ್ಮ ಕಡೆಯ ಕೈಗೆ.

"ಯಾರು?" ಎಂದಳು, ಅವನನ್ನಲ್ಲ, ಕೋಲನ್ನು.

ಗಾಜಿನ ಮೇಲೆ ಬಾಗಿದಳು. ಮೇಲಿನ ಬೆಳಕಿಗೆ ಅವಳ ಮುಖವೇ ಗಾಜಿನಲ್ಲಿ ಮೂಡಿತು. ಹಣೆ ಸರಿಯಾಗಿ ಕೋಲಿನ ಮೇಲೆ ಬಂತು. ಹಣೆಯ ಮೂರು ಗೆರೆ, ಕೋಲಿನ ಮೂರು ಗೆರೆ, ಒಂದರ ಮಗ್ಗುಲಲ್ಲಿ ಒಂದು.

ಹಣೆಯ ನಡುಗೆರೆ ಅರ್ಧಕ್ಕೆ ತುಂಡಾಗಿ ಮತ್ತೆ ಶುರುವಾಗಿತ್ತು.

ಕೋಲಿನ ನಡುಗೆರೆಯೂ ಅರ್ಧಕ್ಕೆ ತುಂಡಾಗಿ ಮತ್ತೆ ಶುರುವಾಗಿತ್ತು.

ಸವಿತಾ ಕಣ್ಣು ಮುಚ್ಚಿದಳು, ತೆರೆದಳು. ಬಾಗಿದ್ದವಳು ಪಕ್ಕಕ್ಕೆ ಸರಿದು ನೋಡಿದಳು. ಕೋಲಿನದು ಕೋಲಿನಲ್ಲೇ ಇತ್ತು. ವಾರ್ನಿಷ್ ಹೊಡೆದ, ಅಳಿಸಲಾಗದ, ಹರುಕು ನಡುಗೆರೆ.

ಅವಳ ಕೈ ಹಣೆಗೆ ಹೋಯಿತು. ಬೆಳಿಗ್ಗೆಯಿಂದ ಕಾಪಾಡಿಕೊಂಡು ಬಂದದ್ದನ್ನು ಮುಟ್ಟಲು ಧೈರ್ಯ ಸಾಲದೆ ಅರ್ಧದಲ್ಲೇ ನಿಂತಿತು.

ಅಷ್ಟರಲ್ಲಿ ಫೋನ್ ನಡುಗಿತು. ಪರದೆಯ ಮೇಲೆ ಒಂದೇ ಪದ: ವೈನಿ.

"ಯಾರು ಮೇಡಂ?" ಎಂದ ಗುರುರಾಜ್. "ಯಾಕೆ ಹಂಗಾದ್ರಿ?"

ಅವಳು ಫೋನನ್ನು ಕಿವಿಗಿಟ್ಟುಕೊಂಡಳು. ಆ ಕಡೆ ಖಾನಾವಳಿಯ ಗದ್ದಲ, ಅದರ ನಡುವೆ ವೈನಿ ರೊಟ್ಟಿ ಬಡಿಯುವ ಸದ್ದು. ತಟ್, ತಟ್‌ತಟ್. ತಟ್, ತಟ್‌ತಟ್. ಮಧ್ಯಾಹ್ನದ ಊಟದ ತಯಾರಿಯ ಹೊತ್ತಿಗೆ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು ಬಡಿಯುವುದು ಅವಳ ರೂಢಿ.

"ಏನಾತವಾ ಸವಿ? ಸಿಕ್ಕನೇನು ಅಂವಾ?"

ಹದಿನಾಲ್ಕು ವರ್ಷ ಅನ್ನ ಹಾಕಿದ ದನಿ. ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಕೂತ ದನಿ.

"ಸಿಕ್ಕ ವೈನಿ. ಬಾಟ್ಲಿ ಸುರದದ್ದು ಒಪ್ಪಿಕೊಂಡ."

"ಅಯ್ಯ, ನನ್ನ ಬಂಗಾರ! ಅಂವನ ಬಾಯಾಗ ಮಣ್ಣು ಬೀಳಲಿ. ಬಾ, ಲಗೂ ಬಾ. ಹೋಳಿಗಿ ಮಾಡ್ತೀನಿ." ತಟ್, ತಟ್‌ತಟ್.

ಸವಿತಾ ಗಾಜಿನೊಳಗಿನ ಕೋಲನ್ನೇ ನೋಡುತ್ತಿದ್ದಳು. ಹದಿನಾಲ್ಕು ವರ್ಷ ಹರಿತ ಮಾಡಿಟ್ಟ ಸೇಡು ಈಗ ಅವಳ ಕೈಯಲ್ಲೇ ಇತ್ತು, ಎತ್ತ ಬೀಸಬೇಕೆಂಬುದಷ್ಟೇ ತಿಳಿಯದಾಗಿತ್ತು. ಆದರೂ ಕೇಳಲೇಬೇಕಿತ್ತು. ಅಲ್ಲಿ ಹೊಸ್ತಿಲ ಮೇಲೆ ಅವ್ವ ಇನ್ನೂ ಕೂತಿದ್ದಳು.

"ವೈನಿ, ಒಂದು ಮಾತು. ಆವತ್ತು ಅಣ್ಣನ ಕೋಲು ತೊಳದು, ತಿರುಗಿ ವಿಭೂತಿ ಹಚ್ಚಿದವರು ಯಾರು?"

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.